ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ?

ಮುರ್ಡೇಶ್ವರದ ಆಚೆ, ಅರಬ್ಬೀ ಸಮುದ್ರದ ನಡುವೆ ಇರುವ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆಯುವ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಈಜು ಬಾರದಿದ್ದರೂ ಚಿಂತೆಯಿಲ್ಲ. ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ನಮ್ಮ ಬೀದರ, ಭಾಲ್ಕಿ, ಔರಾದಿನ ಹೆಣ್ಣುಮಗಳಿಗೆ ಹುಟ್ಟಿದಾಗಿನಿಂದ ಹೇಳಿಕೊಡುವುದು ಒಂದೇ ಪಾಠ, ನೀರಿನ ಹತ್ತಿರ ಹೋಗಬೇಡ. ಆಕೆ ದೊಡ್ಡವಳಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಅದೇ ಸಮಾಜ ಬಂದು, ನಿನಗೆ ಈಜು ಬರುವುದೇ ಬೇಕಿಲ್ಲ, ದುಡ್ಡು ಕೊಡು, ನಾವು ಕೈಹಿಡಿದು ಸಮುದ್ರದ ತಳ ತೋರಿಸಿ ತರುತ್ತೇವೆ ಎನ್ನುತ್ತದೆ. ಎರಡೂ ಮಾತುಗಳ ಒಳಗಿನ ಅರ್ಥ ಒಂದೇ. ನೀರು ನಿನ್ನದಲ್ಲ. ಬೇರೆಯವರ ಅಪ್ಪಣೆಯಿಂದ ನೋಡಬಹುದಾದ ವಸ್ತು ಅದು.

ಮೊದಲು ಈ ನೇತ್ರಾಣಿ ಎಂಬುದು ಏನೆಂದು ತಿಳಿದುಕೊಳ್ಳೋಣ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಚಿಕ್ಕ ಕಲ್ಲುದ್ವೀಪ. ಮನುಷ್ಯರ ವಾಸವಿಲ್ಲ. ಪಾರಿವಾಳಗಳು ಹೆಚ್ಚೆಂದು ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಇದರ ನಿಜವಾದ ಸಂಪತ್ತು ಮಾತ್ರ ನೀರಿನ ಕೆಳಗಿದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಹವಳ ಚೆನ್ನಾಗಿ ಬೆಳೆದಿರುವ ಜಾಗ ಎಂದರೆ ಮೊದಲು ಹೇಳಬೇಕಾದ ಹೆಸರು ಇದೇ. ಅದರ ಸುತ್ತ ಗಿಳಿಮೀನು, ಚಿಟ್ಟೆಮೀನು, ಆಮೆ, ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್. ಪ್ರವಾಸಿಗರು ದ್ವೀಪ ಹತ್ತಲು ಬರುವುದಲ್ಲ, ಸುತ್ತಲಿನ ನೀರಿಗಿಳಿಯಲು ಬರುವುದು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. 2022ರಲ್ಲಿ ಬಿಡುಗಡೆಯಾದ ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ಯಲ್ಲಿ ಈ ನೀರನ್ನು ಕಂಡ ಮೇಲಂತೂ ಎಷ್ಟೋ ಮನೆಗಳಲ್ಲಿ ನೇತ್ರಾಣಿಯ ಹೆಸರು ಬಂದಿತು.

ನೀರಿಗಿಳಿಯುವುದರಲ್ಲಿ ಮೂರು ಬಗೆ. ಮುಖಕ್ಕೆ ಗಾಜಿನ ಕವಚ ಹಾಕಿ, ಬಾಯಲ್ಲಿ ಬಾಗಿದ ಕೊಳವೆ ಇಟ್ಟುಕೊಂಡು, ನೀರಿನ ಮೇಲೆಯೇ ಬೋರಲು ತೇಲುತ್ತ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ಸ್ಕೂಬಾ. ಏನನ್ನೂ ಕಟ್ಟಿಕೊಳ್ಳದೆ, ಒಂದೇ ಉಸಿರು ಬಿಗಿಹಿಡಿದು ಮುಳುಗಿ ಮೇಲೆ ಬರುವುದು ಫ್ರೀಡೈವಿಂಗ್. ಹೆಸರು ಹೊಸದು, ಕೆಲಸ ಹಳೆಯದು. ಔರಾದ ಕಡೆಯ ತೋಟದ ಬಾವಿಯಲ್ಲಿ ನಾನು ಒಂಬತ್ತು ವರ್ಷದವಳಿದ್ದಾಗ ಮಾಡುತ್ತಿದ್ದುದು ಇದನ್ನೇ.

ನಮ್ಮಣ್ಣ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನನ್ನನ್ನು ಬಾವಿಗೆ ನೂಕಿದ್ದ. ಒಂದು ಬೇಸಿಗೆಯಲ್ಲಿ ಬುರುಡೆ ಬಿಚ್ಚಿದೆ. ಮರುಬೇಸಿಗೆಗೆ ತಳಕ್ಕೆ ಹೋಗಿ ಮಣ್ಣು ಹಿಡಿದು ಬರುವ ಪಂದ್ಯದಲ್ಲಿ ಗಂಡುಹುಡುಗರ ಸಮ ನಿಂತೆ. ಓಣಿಯವರ ಕೊಡ ಬಾವಿಗೆ ಬಿದ್ದರೆ, ಪಾತಾಳಗರಡಿಗೆ ಸಿಗದಿದ್ದರೆ, ನನ್ನನ್ನೇ ಕರೆಯುತ್ತಿದ್ದರು. ಹಗ್ಗದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಇಳಿದು ಕೊಡದ ಕೊರಳಿಗೆ ಗಂಟು ಹಾಕಿ ಬರುತ್ತಿದ್ದೆ. ಹನ್ನೆರಡು ತುಂಬಿದ ವರ್ಷ ಆಯಿ ಒಂದೇ ಮಾತು ಹೇಳಿದಳು, “ಸಾಕು ಇನ್ನ, ಬಾವ್ಯಾಗ ಇಳಿಬ್ಯಾಡ. ಹೆಣಮಗಳು ದೊಡ್ಡಾಕಿ ಆದಿ.” ಅಣ್ಣನೂ ಆ ವರ್ಷ ದೊಡ್ಡವನಾಗಿದ್ದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಭಾಲ್ಕಿಗೆ ಸೊಸೆಯಾಗಿ ಹೋದ ಮೇಲೆ, ನನಗೆ ಈಜು ಬರುತ್ತದೆ ಎಂದರೆ ನಮ್ಮತ್ತಿಯವರು ಬೀಡಿ ಸೇದುತ್ತೇನೆ ಎಂದಂತೆ ನೋಡಿದರು.

ಇಂಥ ವಿಷಯ ಎತ್ತಿದಾಗ ನಮ್ಮ ಕಡೆ ಬರುವ ಮೊದಲ ಉತ್ತರ ನನಗೆ ಬಾಯಿಪಾಠವಾಗಿದೆ. “ಬೀದರದಾಗ ಕುಡಿಲಾಕ ನೀರಿಲ್ಲ, ಇಕೀಗಿ ಸಮುದ್ರದಾಗ ಈಜೂದು ಬೇಕಂತ!” ನಗುವವರು ನಗಲಿ. ಬೀದರಿನಿಂದ ಮುರ್ಡೇಶ್ವರ ಸುಮಾರು 600 ಕಿಲೋಮೀಟರ್ ದೂರ ಎಂಬುದು ನಿಜ. ಆದರೆ ನೀರು ದೂರವೆಂಬುದು ಸುಳ್ಳು. ಮಾಂಜ್ರಾ ನದಿ ಔರಾದ, ಭಾಲ್ಕಿ, ಬೀದರ ಮೂರೂ ತಾಲೂಕುಗಳನ್ನು ಮುಟ್ಟುತ್ತದೆ. ಕಾರಂಜಾ ಜಲಾಶಯ ಭಾಲ್ಕಿ ತಾಲೂಕಿನಲ್ಲಿದೆ. ಬಹಮನಿ ಅರಸರ ಕಾಲದಲ್ಲಿ ಇರಾನಿನ ವಿದ್ಯೆಯಿಂದ ಕೊರೆದ ಸುರಂಗದ ಕಾಲುವೆ, ನಾವು ಕರೇಜ್ ಎನ್ನುವುದು, ನೌಬಾದಿನ ಕೆಳಗೆ ಇಂದಿಗೂ ಇದೆ. ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕಡಿದು ಮಾಡಿದ ಆಳದ ಬಾವಿಗಳಿಗೆ ಲೆಕ್ಕವೇ ಇಲ್ಲ. ಝರಣಿ ನರಸಿಂಹನ ಗುಹೆಯಲ್ಲಿ ದೇವರ ದರ್ಶನಕ್ಕೆ ಎದೆಮಟ್ಟದ ನೀರಿನಲ್ಲಿ, ಮೇಲೆ ಬಾವಲಿಗಳು ತೂಗಾಡುವ ಸುರಂಗದಲ್ಲಿ ನಡೆದುಹೋಗುವ ಸಂಪ್ರದಾಯ ನಮ್ಮೂರಿನದೇ. ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು, ಸೀರೆ ನೀರಿನಲ್ಲಿ ಎಳೆಯುತ್ತ ಹೋಗುವ ತಾಯಂದಿರನ್ನು ನಾನು ಕಂಡಿದ್ದೇನೆ. ದೇವರ ಹೆಸರಿನಲ್ಲಾದರೆ ಹೆಣ್ಣು ಎದೆಮಟ್ಟದ ನೀರಿಗೆ ಇಳಿಯಬಹುದು. ತನ್ನ ಜೀವದ ಹೆಸರಿನಲ್ಲಿ ಇಳಿಯಬಾರದೆ?

ನಮ್ಮ ಕಥೆಗಳನ್ನೇ ನೋಡಿ. ‘ಕೆರೆಗೆ ಹಾರ’ದ ಭಾಗೀರಥಿ ಕಿರಿಯ ಸೊಸೆ. ಕೆರೆಗೆ ನೀರು ಬರಲೆಂದು ಆಕೆಯನ್ನು ಬಲಿ ಕೊಟ್ಟರು. ಜಗಳದಲ್ಲಿ ನಾವು ಆಡುವ ಮಾತೂ “ಕೆರೀನೋ ಬಾವೀನೋ ನೋಡ್ಕೋತೀನಿ” ಎಂಬುದೇ. ಹೆಣ್ಣು ನೀರಿಗೆ ಹೋದಳೆಂದರೆ ತಿರುಗಿ ಬರಲಿಲ್ಲ ಎಂದೇ ಅರ್ಥ. ನೀರಿಗಿಳಿದು, ತಳ ಮುಟ್ಟಿ, ಮೇಲೆ ಬಂದು, ಕೂದಲು ಹಿಂಡಿಕೊಂಡು ಮನೆಗೆ ಹೋದ ಹೆಣ್ಣಿನ ಹಾಡನ್ನು ನನಗೆ ಯಾರೂ ಕಲಿಸಲಿಲ್ಲ.

ಇದು ಬರಿಯ ಹಾಡಿನ ಮಾತಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಒಂದು ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ನಮ್ಮಂತೆಯೇ ಬಯಲುಸೀಮೆಯ ಹುಡುಗಿಯರು. ಸಮುದ್ರ ನೋಡುವ ಆಸೆಯಿಂದ ಬಂದವರು. ಆಮೇಲೆ ಆದದ್ದು ನಮಗೆಲ್ಲ ಗೊತ್ತಿರುವ ಕ್ರಮವೇ: ಪರಿಹಾರ ಘೋಷಣೆ, ವಿಚಾರಣೆ, ಕೆಲ ದಿನ ಕಡಲತೀರಕ್ಕೆ ಪ್ರವೇಶ ನಿಷೇಧ. ತಪ್ಪಿತಸ್ಥರನ್ನು ಹಿಡಿಯಲಿ, ಕಾವಲುಗಾರರನ್ನು ನೇಮಿಸಲಿ, ಬೇಡ ಎನ್ನುವುದಿಲ್ಲ. ಆದರೆ ಆ ವಾರ ನಮ್ಮ ಓಣಿಯಲ್ಲಿ ನನ್ನ ಕಿವಿಗೆ ಬಿದ್ದ ಮಾತು ಬೇರೆ. “ಅದಕ್ಕೇ ಹೇಳೂದು, ಹೆಣ್ಣುಡುಗೂರಿಗೆ ಟೂರಿಗಿ ಕಳಸಬಾರದು.” ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ ಇದು. ಆ ಮಕ್ಕಳಿಗೆ ಐದನೆಯ ಇಯತ್ತೆಯಲ್ಲೇ ಅಂಗಾತ ತೇಲುವುದನ್ನು ಕಲಿಸಿದ್ದರೆ, ಸೆಳವು ಸಿಕ್ಕಾಗ ದಡದತ್ತ ನೇರ ಹೋರಾಡದೆ ದಡದ ಗುಂಟ ಅಡ್ಡ ಈಜಿ ಸೆಳವಿನಿಂದ ಹೊರಬರಬೇಕೆಂದು ಹೇಳಿಕೊಟ್ಟಿದ್ದರೆ, ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಜಗತ್ತು ಇದನ್ನು ಕೇಳುತ್ತಿದೆ. ಮುಳುಗಿ ಸಾಯುವವರು 2021ರಲ್ಲಿ ಸುಮಾರು 3 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ನಮ್ಮ ದೇಶದಲ್ಲಿ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆಯೇ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. ಇದನ್ನು ತಡೆಯುವ ಉಪಾಯಗಳಲ್ಲಿ ಶಾಲೆಯ ಮಕ್ಕಳಿಗೆ ಈಜು ಕಲಿಸುವುದೂ ಒಂದೆಂದು ಅದೇ ಸಂಸ್ಥೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಮಗು 25 ಮೀಟರ್ ಈಜಬೇಕೆಂಬುದು ಪಠ್ಯಕ್ರಮದ ಭಾಗ. ಅವರು ಶ್ರೀಮಂತರು, ಅವರ ಮಾತು ಬಿಡಿ ಎನ್ನುವವರಿಗೆ ಬಾಂಗ್ಲಾದೇಶವನ್ನು ತೋರಿಸುತ್ತೇನೆ. ಅಲ್ಲಿ ಹಳ್ಳಿಯ ಕೆರೆಯಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಆ ಚೌಕಟ್ಟಿನ ಒಳಗೆ ನಾಲ್ಕು ವರ್ಷ ದಾಟಿದ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಈಜು ಕಲಿಸುತ್ತಾರೆ. ಅದಕ್ಕೆ ಅಮೃತಶಿಲೆಯ ಕೊಳ ಬೇಕಾಗಲಿಲ್ಲ.

ಈಗ ಜಾಹೀರಾತಿನ ಮಾತಿಗೆ ಬರುತ್ತೇನೆ. ಸ್ಕೂಬಾ ಕಲಿಸುವವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಒಳ್ಳೆಯ ಶಿಕ್ಷಕ ಈಜು ಬಾರದವರನ್ನೂ ಕೈಬಿಡದೆ ಕರೆದೊಯ್ದು ಕ್ಷೇಮವಾಗಿ ಮೇಲೆ ತರುತ್ತಾನೆ. ಆದರೆ ಒಂದು ಸಂಗತಿ ಗಮನಿಸಿ. ಡೈವಿಂಗ್ ತರಬೇತಿಯ ದೊಡ್ಡ ಸಂಸ್ಥೆಯಾದ ಪ್ಯಾಡಿ, ತನ್ನ ಮೊದಲ ಪ್ರಮಾಣಪತ್ರ ಬೇಕೆನ್ನುವವರು 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು ಎಂದು ಕೇಳುತ್ತದೆ. ಒಂದು ದಿನದ ಗಿರಾಕಿಗೆ ಮಾತ್ರ ಇದಾವುದೂ ಬೇಡ. ಅಂದರೆ ವಿದ್ಯೆ ಕಲಿಯುವವಳಿಗೆ ಈಜು ಬೇಕು, ದುಡ್ಡು ಕೊಡುವವಳಿಗೆ ಬೇಡ. ಆಕೆ ಸಿಲಿಂಡರ್ ಹೊತ್ತು, ಇನ್ನೊಬ್ಬರ ಕೈಯಲ್ಲಿ ಗಾಳಿಪಟದಂತೆ ಹತ್ತು ನಿಮಿಷ ತೂಗಾಡಿ, ಒಂದು ವಿಡಿಯೊ ಹಿಡಿದುಕೊಂಡು ಊರಿಗೆ ಬರುತ್ತಾಳೆ. ಮರುದಿನ ಆಕೆಯ ಮಗು ಹೊಲದ ಬಾವಿಗೆ ಬಿದ್ದರೆ ಆ ವಿಡಿಯೊ ಏನು ಮಾಡೀತು?

ಉಸಿರು ಹಿಡಿದು ಮುಳುಗುವ ವಿದ್ಯೆ ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ ನಿಮ್ಮ ಪುಪ್ಪುಸವಲ್ಲದೆ ಬೇರೆ ಗತಿಯಿಲ್ಲ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ, ಎದೆಯೊಳಗಿನ ಗಾಳಿ ಕುಗ್ಗಿ ಅರ್ಧವಾಗುತ್ತದೆ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು. ಉಸಿರು ಬೇಕು ಎಂದು ಮೈ ಚಡಪಡಿಸುವುದು ಆಮ್ಲಜನಕ ಮುಗಿದದ್ದಕ್ಕಲ್ಲ, ಇಂಗಾಲದ ಡೈ ಆಕ್ಸೈಡ್ ಹೆಚ್ಚಿದ್ದಕ್ಕೆ. ಮುಳುಗುವ ಮೊದಲು ಬೇಗಬೇಗ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿದರೆ ಹೆಚ್ಚು ಹೊತ್ತು ತಡೆಯಬಹುದೆಂದು ನಮ್ಮ ಬಾವಿಯ ಹುಡುಗರು ನಂಬಿದ್ದರು. ಇದು ಪ್ರಾಣಕ್ಕೆ ಎರವಾಗುವ ನಂಬಿಕೆ. ಹಾಗೆ ಮಾಡಿದರೆ ಎಚ್ಚರಿಸುವ ಗಾಳಿ ಹೊರಟುಹೋಗುತ್ತದೆ, ಆಮ್ಲಜನಕ ಮುಗಿದದ್ದು ತಿಳಿಯುವುದೇ ಇಲ್ಲ, ನೀರಿನೊಳಗೇ ಎಚ್ಚರ ತಪ್ಪುತ್ತದೆ. ಆದ್ದರಿಂದಲೇ ಒಂಟಿಯಾಗಿ ಎಂದೂ ಮುಳುಗಬಾರದು, ಮೇಲೆ ಒಬ್ಬರು ಕಣ್ಣಿಟ್ಟು ಕಾಯುತ್ತಿರಬೇಕು ಎಂಬುದು ಈ ವಿದ್ಯೆಯ ಮೊದಲ ನಿಯಮ. ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಹೆದರಿಕೆ ಎಂಬುದು ಅರಿವಾಗಿ ಬದಲಾಗಬೇಕಾದರೆ ಯಾರಾದರೂ ಕಲಿಸಬೇಕು, ಅದನ್ನು ಹೇಳಲಿಕ್ಕೆ.

ಹೆಣ್ಣಿನ ಮೈ ಇದಕ್ಕೆ ಅಲ್ಲ ಎನ್ನುವವರು ದಕ್ಷಿಣ ಕೊರಿಯಾದ ಜೇಜು ದ್ವೀಪದತ್ತ ನೋಡಬೇಕು. ಅಲ್ಲಿ ಸಮುದ್ರದ ತಳದಿಂದ ಚಿಪ್ಪುಮೀನು, ಕಡಲಪಾಚಿ ತರುವ ಕೆಲಸ ಹೆಣ್ಣುಮಕ್ಕಳದು. ಹೆನ್ಯೊ ಎಂದು ಅವರ ಹೆಸರು. ಗಾಳಿಯ ಸಿಲಿಂಡರ್ ಇಲ್ಲದೆ, ಹತ್ತು ಮೀಟರಿನಷ್ಟು ಆಳಕ್ಕೆ, ಒಂದು ನಿಮಿಷ ಉಸಿರು ಕಟ್ಟಿ ಇಳಿಯುತ್ತಾರೆ. ಅವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯರೇ ಬಹಳ. ಮೇಲೆ ಬಂದಾಗ ಸಿಳ್ಳಿನಂತೆ ಉಸಿರು ಬಿಡುತ್ತಾರೆ. ಅದಕ್ಕೂ ಒಂದು ಹೆಸರಿದೆ, ಸುಂಬಿಸೋರಿ. 2016ರಲ್ಲಿ ಯುನೆಸ್ಕೊ ಇವರ ಬದುಕನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಲಿಂಡರ್ ಕಟ್ಟಿಕೊಂಡರೆ ಇನ್ನೂ ಹೆಚ್ಚು ಬಾಚಬಹುದಲ್ಲ ಎಂದರೆ ಅವರು ಒಪ್ಪುವುದಿಲ್ಲ. ಒಂದು ಉಸಿರಿಗೆ ಎಷ್ಟು ಸಿಗುವುದೋ ಅಷ್ಟೇ ತೆಗೆದರೆ ಸಮುದ್ರ ಉಳಿಯುತ್ತದೆ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಸರಳವಾದ ಪಾಠ ನನಗೆ ಸಿಗಲಿಲ್ಲ.

ನೇತ್ರಾಣಿಗೂ ಇದೇ ಪಾಠ ಬೇಕಾಗಿದೆ. ಹವಳವನ್ನು ಕಲ್ಲೆಂದು ತಿಳಿಯುವವರೇ ಹೆಚ್ಚು. ಅದು ಜೀವ. ಸಣ್ಣ ಸಣ್ಣ ಪ್ರಾಣಿಗಳು ಒತ್ತಾಗಿ ಕೂಡಿ, ತಮ್ಮೊಳಗೆ ಪಾಚಿಗೆ ಜಾಗ ಕೊಟ್ಟು, ಅದು ಮಾಡಿದ ಆಹಾರ ತಿಂದು, ಸುಣ್ಣದ ಮನೆ ಕಟ್ಟುತ್ತವೆ. ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ಸಮುದ್ರದ ಬಿಸಿ ಏರಿದರೆ ಪಾಚಿ ಹೊರಟುಹೋಗಿ ಹವಳ ಬಿಳುಚುತ್ತದೆ. ಇಂಥ ಬಿಳುಚುವಿಕೆ ನಾಲ್ಕನೆಯ ಬಾರಿ ಜಗತ್ತಿನಾದ್ಯಂತ ಆಗುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು. ಇಷ್ಟು ಬಳಲಿದ ಜೀವದ ಮೇಲೆ ಈಜು ಬಾರದ ಪ್ರವಾಸಿ ಇಳಿದಾಗ ಏನಾಗುತ್ತದೆ? ಕೊಳವೆಯಲ್ಲಿ ಒಂದು ಗುಟುಕು ಉಪ್ಪುನೀರು ಬಂದರೆ ಸಾಕು, ಗಾಬರಿಯಾಗಿ ಕಾಲೂರಲು ಹುಡುಕುತ್ತಾರೆ. ಕಾಲಿಗೆ ಸಿಗುವುದು ಹವಳ. ತೇಲಲು ಬಾರದವರು ನಿಲ್ಲಲೇಬೇಕಲ್ಲ! ಮೂವತ್ತು ವರ್ಷದ ಬೆಳವಣಿಗೆ ಒಂದು ಒದೆತಕ್ಕೆ ಮುರಿಯುತ್ತದೆ.

ಕಾಯಿದೆ ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ 2001ರಲ್ಲಿ ಹವಳವನ್ನು ಸೇರಿಸಿದರು, ಹುಲಿಗೆ ಇರುವ ರಕ್ಷಣೆ ಅದಕ್ಕೂ ಇದೆ. ಕರಾವಳಿ ನಿಯಂತ್ರಣದ ಅಧಿಸೂಚನೆಯಲ್ಲಿಯೂ ಹವಳವಿರುವ ಜಾಗ ಅತಿ ಸೂಕ್ಷ್ಮವಾದದ್ದು. ಆದರೂ ಇದೇ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿತು. ಪರಿಸರದವರು ಕೂಗಿಕೊಂಡರು. ಆ ಕೂಗಿನಲ್ಲಿ ನಮ್ಮ ಭಾಗದ ಹೆಣ್ಣಿನ ದನಿಯೂ ಇರಬೇಕಾದರೆ ನೀರಿನೊಳಗೆ ಏನಿದೆಯೆಂದು ಆಕೆಗೆ ಕಂಡಿರಬೇಕು. ನೋಡದ್ದಕ್ಕೆ ಯಾರು ಅಳುತ್ತಾರೆ? ಹಾಗೆಂದು ಎಲ್ಲರೂ ನೇತ್ರಾಣಿಗೆ ಓಡಿರಿ ಎಂದು ನಾನು ಹೇಳುತ್ತಿಲ್ಲ. ತೇಲಲು ಬಾರದವರಿಗೆ ಅಲ್ಲಿ ನೀರಿಗಿಳಿಯುವ ಪರವಾನಗಿಯೇ ಬೇಡ, ನನ್ನ ಬೀದರಿನ ಅಕ್ಕತಂಗಿಯರಿಗೂ ಬೇಡ ಎನ್ನುತ್ತೇನೆ. ಅದರ ಬದಲು ಅವರಿಗೆ ತಮ್ಮೂರಿನಲ್ಲಿಯೇ ತೇಲುವುದನ್ನು ಕಲಿಸುವ ಏರ್ಪಾಟು ಬೇಕು.

ಆ ಏರ್ಪಾಟು ಕೇಳಿದಾಗ ಏನಾಗುತ್ತದೆಂಬುದು ನನಗೆ ಗೊತ್ತು. ನಮ್ಮ ಕಡೆಯ ಒಂದು ಊರಿನ ಈಜುಕೊಳಕ್ಕೆ ನಾವು ಹದಿನಾಲ್ಕು ಮಂದಿ ಹೆಂಗಸರು ಅರ್ಜಿ ಕೊಟ್ಟಿದ್ದೆವು, ವಾರಕ್ಕೆ ಎರಡು ದಿನ ಒಂದೊಂದು ತಾಸು ನಮಗೆ ಬಿಡಿರೆಂದು. ಅಲ್ಲಿದ್ದ ಸಾಹೇಬರು, “ಹೆಣ್ಮಕ್ಕಳು ಬರಂಗಿಲ್ರಿ, ಸುಮ್ನ ನೀರು ವೇಸ್ಟ್” ಎಂದರು. ಹದಿನಾಲ್ಕು ಸಹಿಗಳು ಅವರ ಮೇಜಿನ ಮೇಲೆಯೇ ಇದ್ದವು. ಇನ್ನೊಬ್ಬರು ಬಟ್ಟೆಯ ಮಾತೆತ್ತಿದರು. ಬಟ್ಟೆಯ ಚಿಂತೆಯೇನು? ಕತ್ತಿನಿಂದ ಹಿಮ್ಮಡಿಯವರೆಗೆ ಮೈಮುಚ್ಚುವ ಈಜುಡುಗೆ ಅಂಗಡಿಯಲ್ಲಿ ಸಿಗುತ್ತದೆ. ಸಮುದ್ರದಲ್ಲಿ ಮುಳುಗುವವರು, ಗಂಡಸರೂ, ಹಾಕಿಕೊಳ್ಳುವುದು ಅಂಥದೇ. ಕಲಿಸಲು ಹೆಂಗಸರೇ ಬೇಕೆಂದರೆ ಹೆಂಗಸರನ್ನು ತಯಾರು ಮಾಡಿ. ನಿಶಾ ಮಿಲ್ಲೆಟ್ ಬೆಂಗಳೂರಿನ ಹುಡುಗಿ, 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋಗಿ ಈಜಿದರು. ಅದಕ್ಕೂ ಬಹಳ ಹಿಂದೆ, 1959ರಲ್ಲಿ, ಬಂಗಾಳದ ಆರತಿ ಸಾಹಾ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಏಷ್ಯದ ಮಹಿಳೆಯಾದರು. ಆಗಲೂ ಬಟ್ಟೆಯ ಮಾತಾಡುವವರು ಇದ್ದೇ ಇದ್ದರು.

ನಾನು ಕೇಳುವುದು ಹೆಚ್ಚಿನದಲ್ಲ. 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವಿದೆ. ಕಟ್ಟಡ, ಕಮಾನು, ಸಮುದಾಯ ಭವನಗಳ ಜೊತೆಗೆ ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಹೆಣ್ಣುಮಕ್ಕಳ ಒಂದೊಂದು ಈಜುಕಟ್ಟೆ ಆಗಲಿ. ಕೊಳ ಕಟ್ಟಲು ನೀರಿಲ್ಲವೆಂದರೆ ಒಳ್ಳೆಯ ನೀರಿರುವ ಹಳೆಯ ಬಾವಿಯೊಂದರ ಹೂಳೆತ್ತಿ, ಪಾವಟಿಗೆ ಸರಿಮಾಡಿ, ಬಿದಿರಿನ ಅಟ್ಟಣಿಗೆ ಹಾಕಿ ಕೊಡಲಿ. ಐದನೆಯ ಇಯತ್ತೆ ಮುಗಿಸುವ ಹುಡುಗಿ ಅಂಗಾತ ಐದು ನಿಮಿಷ ತೇಲಬೇಕು, 25 ಮೀಟರ್ ಈಜಬೇಕು. ಸಮುದ್ರಕ್ಕೆ ಪ್ರವಾಸ ಒಯ್ಯುವ ಶಾಲೆ ಇದನ್ನು ಮೊದಲು ಪರೀಕ್ಷಿಸಬೇಕು, ಟಿಕೆಟ್ ಮಾರುವ ದೋಣಿಯವನೂ ಪರೀಕ್ಷಿಸಬೇಕು.

ಸರಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ಮುಳುಗುವವರು ಕೂಗುವುದಿಲ್ಲ, ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಕೂಗಲು ಉಸಿರಿರುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. ಬಟ್ಟೆ ಒಗೆಯಲು ಹೋದಲ್ಲಿ ಒಬ್ಬಳು ಜಾರಿದರೆ ಅವಳ ಹಿಂದೆ ನಾಲ್ವರು ಹಾರಬೇಡಿ, ಸೀರೆ ಎಸೆಯಿರಿ, ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡ ಎಸೆಯಿರಿ, ಅದು ತೇಲುತ್ತದೆ, ಅದನ್ನು ಹಿಡಿದವಳೂ ತೇಲುತ್ತಾಳೆ. ಮನೆಯಲ್ಲಿ ಈಜು ಬಲ್ಲ ಅಣ್ಣ, ಗಂಡ, ಕಾಕಾ ಇದ್ದರೆ ಈ ಬೇಸಿಗೆಯಲ್ಲಿ ಮಗನಿಗೆ ಕಲಿಸುವಾಗ ಮಗಳನ್ನೂ ಜೊತೆಗೆ ಇಳಿಸಿರೆಂದು ಹಟ ಹಿಡಿಯಿರಿ. ಹನ್ನೆರಡು ತುಂಬಿತೆಂದು ಮೇಲೆ ಎಳೆಯಬೇಡಿ.

ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆಂದು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಆ ಅಪ್ಪಣೆಯನ್ನು ಹೆಣ್ಣುಮಕ್ಕಳು ಇಂದಿಗೂ ಕೇಳುತ್ತಲೇ ಇದ್ದೇವೆ. ಮುಂದಿನ ತಿಂಗಳು ನಮ್ಮ ಅರ್ಜಿಯನ್ನು ಮತ್ತೆ ಕೊಡುವವರಿದ್ದೇವೆ. ಈ ಸಲ ಸಹಿಗಳು ಹದಿನಾಲ್ಕಲ್ಲ, ಅರವತ್ತೊಂದು.